ಕೊಗ್ಗ ಕಂಡದ್ದು

ಕೊಗ್ಗ ಸೀನಿದ.

ಸೀನು ಎದುರಿನ ಬಂಡೆಗೋಡೆಗೆ ಬಡಿದು, ಕೆಳಗಿನ ಕಣಿವೆಯಲ್ಲಿ ಒಂದು ಸುತ್ತು ಹೊಡೆದು, ಮತ್ತೆ ಮೇಲೇರಿ ಬಂದು ಅವರ ಬೆನ್ನ ಹಿಂದೆಲ್ಲೋ ಮುಗಿಯಿತು. ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದಲ್ಲಿ ಕೂತಿದ್ದ ಗೌಜಲಹಕ್ಕಿಗಳ ಹಿಂಡೊಂದು ಪಟಪಟನೆ ಎದ್ದು ಹಾರಿತು. ದೂರದ ದಿಬ್ಬದಲ್ಲಿ ಮೇಯುತ್ತಿದ್ದ ಕಾಡುಕತ್ತೆಗಳು ಒಟ್ಟಿಗೆ ತಲೆಯೆತ್ತಿ ಇತ್ತ ನೋಡಿದವು. ಬಂಡೆಯ ಅಂಚಿನಲ್ಲಿ ಬೋರಲು ಮಲಗಿ ಬೈನಾಕ್ಯುಲರ್ ಹಿಡಿದಿದ್ದ ಲೋಲಾಕ್ಷಿ ಅದನ್ನು ಮೆಲ್ಲಗೆ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಬಸವಂತ ಏನೋ ಹೇಳಲು ಬಾಯಿ ತೆರೆದವನು ಕೊಗ್ಗನ ವಯಸ್ಸಿಗೆ ಮರ್ಯಾದೆ ಕೊಟ್ಟು ತನ್ನ ಟಿಪ್ಪಣಿ ಪುಸ್ತಕದ ಹಾಳೆ ತಿರುವಿದ.

“ಧೂಳು” ಎಂದ ಕೊಗ್ಗ.

ಧೂಳಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಆ ಬಯಲಿನ ತುಂಬ ಮೊಣಕಾಲೆತ್ತರದ ಬೂದುಹಸಿರು ಪೊದೆಗಳು. ಕಾಲು ತಾಗಿದರೆ ಸಾಕು, ಓಮವನ್ನೂ ಕರ್ಪೂರವನ್ನೂ ಕೂಡಿಸಿ ಅರೆದಂಥ ಘಾಟು ಏಳುತ್ತಿತ್ತು. ಲೋಲಾಕ್ಷಿಗೆ ಅದು ಪರಿಮಳ, ಕೊಗ್ಗನ ಮೂಗಿಗೆ ಪರಮ ವೈರಿ. ಮೊದಲೇ ಅವನ ಸೀನು ಸಣ್ಣದಲ್ಲ. ಮಸ್ಕತ್ತಿನ ಫ್ಲ್ಯಾಟಿನಲ್ಲಿ ಅವನು ಸೀನಿದರೆ ಮೇಲಿನ ಮನೆಯ ಆಲ್ಬಿನಾ ಬಾಯಿ ತನ್ನ ಅಡುಗೆಮನೆಯಿಂದಲೇ ಕೊಂಕಣಿಯಲ್ಲಿ ದೇವರು ಒಳ್ಳೆಯದು ಮಾಡಲಿ ಎಂದು ಹರಸುವುದಿತ್ತು.

ಅವನ ಹೆಂಡತಿ ಲೋಲಾಕ್ಷಿ ಮಸ್ಕತ್ತಿನದೇ ಖುರುಮ್‌ನಲ್ಲಿರುವ ಸಣ್ಣದೊಂದು ಕಂಪೆನಿಗೆ ಟೈಪಿಸ್ಟಾಗಿ ಸೇರಿ ಅಲ್ಲೇ ಸೆಕ್ರೆಟರಿಯಾಗಿ ತಲೆ ನರೆಸಿಕೊಂಡವಳು. ರಸ್ತೆಯೋ ಹೋಟೆಲೋ ಕಲ್ಲುಗಣಿಯೋ ಬರುವ ಮೊದಲು ಆ ಜಾಗದಲ್ಲಿ ಯಾವ ಗಿಡವಿದೆ, ಯಾವ ಪ್ರಾಣಿಯಿದೆ ಎಂದು ನೋಡಿ ವರದಿ ಕೊಡುವುದು ಆ ಕಂಪೆನಿಯ ಕೆಲಸ. ನೋಡುವವರು ಬೇರೆ, ಲೋಲಾಕ್ಷಿ ಅದನ್ನು ಅಚ್ಚುಕಟ್ಟಾಗಿ ಬರೆದು ಕಳಿಸುವವಳು. ಹೀಗೆ ಬರೆದೂ ಬರೆದೂ ಯಾವ ನರಿಯ ಬಾಲ ಮೈಗಿಂತ ಉದ್ದ, ಯಾವ ರಣಹದ್ದು ಎಂಥ ಬಂಡೆಯಲ್ಲಿ ಗೂಡು ಕಟ್ಟುತ್ತದೆ, ಎಂಬುದೆಲ್ಲ ಅವಳಿಗೆ ಕಂಠಪಾಠವಾಗಿತ್ತು. ಆದರೆ ಅವಳು ಕಣ್ಣಾರೆ ನೋಡಿದ್ದು ಹೆದ್ದಾರಿಯ ಒಂಟೆ, ಬೀದಿಯ ಬೆಕ್ಕು, ಮತ್ತು ಆಫೀಸಿನ ಚಹಾ ಮಾಡುವ ಕೋಣೆಯ ಹಲ್ಲಿ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ಬೆರಳು ಬರೆದ ಹೆಸರು ತಹರ್. ಈ ಬೆಟ್ಟಸಾಲನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಕಾಡಾಡು ಅದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಪ್ಯೂಟರು ಆ ಹೆಸರನ್ನು ತಾನಾಗಿಯೇ ಟಾರು ಎಂದು ತಿದ್ದಿ, ಬಂಡೆಯ ಮೇಲೆ ಎರಡು ಗಂಡು ಟಾರುಗಳು ಮೇಯುತ್ತಿದ್ದವು ಎಂಬ ವರದಿ ರಸ್ತೆ ಮಾಡುವ ಕಂಪೆನಿಯೊಂದಕ್ಕೆ ಹೋಗಿಬಿಟ್ಟಿತ್ತು. ಅವರು ಫೋನು ಮಾಡಿ ನಮ್ಮ ಟಾರಿಗೆ ಕಾಲಿಲ್ಲವಲ್ಲ ಎಂದು ವಿಚಾರಿಸಿದ್ದರು. ಆ ದಿನದಿಂದ ಲೋಲಾಕ್ಷಿ ಆ ಹೆಸರಿನ ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡಿ ಬಿಡುತ್ತಿದ್ದಳು. ಇತ್ತೀಚಿನ ವರ್ಷಗಳಲ್ಲಿ ಮಾತ್ರ ವಾಕ್ಯ ಒಂದೇ: ತಹರ್ ಕಾಣಿಸಲಿಲ್ಲ, ಹಿಕ್ಕೆ ಕಾಣಿಸಿತು. ಹಿಕ್ಕೆ ನೋಡಲು ಸಂಬಳ ಕೊಡುವ ಕಂಪೆನಿ ಉಂಟಲ್ಲ ಎಂದು ಕೊಗ್ಗನಿಗೆ ಆಶ್ಚರ್ಯ.

ತಿಂಗಳ ಕೊನೆಗೆ ಗಂಡ ಹೆಂಡತಿ ಇಬ್ಬರೂ ವೀಸಾ ಮುಗಿಸಿ ತಮ್ಮೂರು ಮುಲ್ಕಿಗೆ ಹೊರಡುವವರಿದ್ದರು. ಕಂಪೆನಿಯ ಧಣಿ ರೊನಾಲ್ಡ್ ಲೋಲಾಕ್ಷಿಯನ್ನು ಕರೆದು, ಬೀಳ್ಕೊಡುಗೆಗೆ ಏನು ಬೇಕು, ನಾಚಿಕೆ ಬೇಡ ಎಂದು ಕೇಳಿದ್ದರು. ಚಿನ್ನದ ನಾಣ್ಯವೋ ಗೋಡೆ ಗಡಿಯಾರವೋ ಎಂದು ಆಫೀಸಿನಲ್ಲಿ ಎರಡು ಪಕ್ಷವಾಗಿತ್ತು. ಲೋಲಾಕ್ಷಿ ತನಗೆ ಒಂದು ತಹರ್ ನೋಡಬೇಕು ಎಂದಳು. ರೊನಾಲ್ಡ್ ನಕ್ಕರು. ಆಮೇಲೆ ಅವಳು ನಗದೆ ನಿಂತಿರುವುದನ್ನು ನೋಡಿ ಬಸವಂತನನ್ನು ಕರೆದರು.

ಬಸವಂತ ಬಾಗಲಕೋಟೆ ಕಡೆಯವನು, ಪ್ರಾಣಿಶಾಸ್ತ್ರ ಓದಿ ಬಂದವನು. ಬೆಟ್ಟದ ಮೇಲೆ ಅಲ್ಲಲ್ಲಿ ಕಟ್ಟಿಟ್ಟ ಕ್ಯಾಮೆರಾಗಳ ಬ್ಯಾಟರಿ ಬದಲಿಸಲು ಅವನು ಹೇಗೂ ಹೋಗುವವನಿದ್ದ. ಆ ಕ್ಯಾಮೆರಾಗಳಲ್ಲಿ ಈ ತನಕ ಸಿಕ್ಕಿದ್ದೆಲ್ಲ ಕತ್ತೆಗಳ ಮೂಗಿನ ಹೊಳ್ಳೆ. ಸ್ವತಃ ಅವನೇ ತಹರ್ ನೋಡಿದ್ದು ಒಮ್ಮೆ ಮಾತ್ರ, ಅದೂ ಹಿಂಭಾಗವನ್ನು. ಈ ಸಲವೂ ಏನೂ ಕಾಣಿಸದಿದ್ದರೆ ಬೆಟ್ಟದ ಈ ಮಗ್ಗುಲಿಗೆ ತಹರ್ ಬರುವುದಿಲ್ಲ ಎಂದು ಬರೆದು ಮುಗಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಆ ಸಾಲನ್ನೂ ಟೈಪು ಮಾಡಬೇಕಾದವಳು ಲೋಲಾಕ್ಷಿಯೇ.

ಹೆಂಡತಿ ಬೆಟ್ಟಕ್ಕೆ ಹೋಗುವುದಾದರೆ ತಾನೂ ಬರುವುದಾಗಿ ಕೊಗ್ಗ ಹೇಳಿದ. ಹೇಳಿದ್ದು ಇಷ್ಟೇ: “ನಾನೂ ಉಂಟು.” ಅವನು ಏಸಿ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ದಿನವಿಡೀ ಬಿಡಿಭಾಗಗಳ ನಂಬರು ಹೇಳಿ ಹೇಳಿ ಅವನ ಮಾತೆಲ್ಲ ಅಲ್ಲೇ ಖರ್ಚಾಗುತ್ತಿತ್ತೋ, ಅಥವಾ ಹುಟ್ಟಿನಿಂದಲೇ ಅಷ್ಟೇ ಇತ್ತೋ, ಮನೆಗೆ ಬಂದಾಗ ಅವನಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಮದುವೆಗೆ ಹೋಗಿ ಬಂದವನನ್ನು ಹೇಗಾಯಿತು ಎಂದರೆ ಊಟ ಆಯಿತು ಎನ್ನುವನು. ಸಿನಿಮಾ ಹೇಗಿತ್ತು ಎಂದರೆ ಮುಗಿಯಿತು ಎನ್ನುವನು. ಉಳಿದ ಎಲ್ಲ ಪ್ರಶ್ನೆಗಳಿಗೂ ಅವನ ಉತ್ತರ ಸಾಧಾರಣ. ಮಗಳು ಯಶ್ಮಿತಾ ಇದಕ್ಕೆ ಹೊಂದಿಕೊಂಡು ಅಪ್ಪನ ಹತ್ತಿರ ಹೌದು ಅಲ್ಲ ಎಂದು ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದಳು.

ಪ್ರಾಣಿಗಳ ಕಣ್ಣಿಗೆ ಬೀಳದ ಬಣ್ಣದ ಬಟ್ಟೆ ತೊಡಬೇಕು ಎಂದು ಬಸವಂತ ಮೊದಲೇ ತಿಳಿಸಿದ್ದ. ಕೊಗ್ಗ ತುಳು ಕೂಟದ ಕ್ರೀಡಾಕೂಟದಲ್ಲಿ ಸಿಕ್ಕಿದ ಅರಸಿನ ಬಣ್ಣದ ಟೀಶರ್ಟು ಹಾಕಿಕೊಂಡು ಬಂದ. ಇದು ದೂರಕ್ಕೆ ಕಾಣುತ್ತದೆ ಎಂದಾಗ ದಾರಿಯ ಇಬ್ರಾ ಪೇಟೆಯ ಪೆಟ್ರೋಲ್ ಪಂಪಿನಲ್ಲಿ ಅದನ್ನು ಒಳಗಡೆ ಹೊರಗೆ ಮಾಡಿ ತೊಟ್ಟ. ಅಕ್ಷರ ಹೋಯಿತು, ಅರಸಿನ ಉಳಿಯಿತು. ಅವನ ಸಾಮಾನಿನಲ್ಲಿ ಕುಚ್ಚಲಕ್ಕಿ, ಕುಕ್ಕರು, ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ಕೊಡೆ ಇತ್ತು.

ಇಬ್ರಾ ದಾಟಿ, ಡಾಂಬರು ಮುಗಿದು, ಗಾಡಿ ಕಲ್ಲುದಾರಿಯಲ್ಲಿ ಮೂತಿ ಮೇಲೆ ಮಾಡಿ ಏರತೊಡಗಿದಾಗ ಕೊಗ್ಗ ಎದುರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೊನೆಯ ತಿರುವು ಮುಗಿದದ್ದೇ ಬೆಟ್ಟ ಇದ್ದಕ್ಕಿದ್ದಂತೆ ಮಟ್ಟಸವಾಯಿತು. ತುದಿ ಕಾಣದ ಬಯಲು. ಚಪ್ಪಡಿ ಚಪ್ಪಡಿಯಾಗಿ ಒಡೆದ ಬೂದುಗಲ್ಲು, ಕಾಲಿಟ್ಟರೆ ಹೆಂಚಿನ ಹಾಗೆ ಸದ್ದು. ಕಲ್ಲಿನ ಸಂದಿಗಳಲ್ಲಿ ಆ ಘಾಟಿನ ಪೊದೆಗಳು, ಎಲೆಯೇ ಇಲ್ಲದ ಕಡ್ಡಿಗಳ್ಳಿ, ಗಾಳಿಗೆ ಒಂದೇ ಕಡೆ ಬಾಗಿ ಬೆಳೆದ ಕುಳ್ಳ ಮರಗಳು. ಬಸವಂತ ಒಂದು ಗಿಡದ ಎಲೆ ಕಿತ್ತು, ಇದು ನಮ್ಮೂರ ಗುಡ್ಡದ ಬಂದರಿ ಗಿಡವೇ, ಇಲ್ಲಿಗೆ ಯಾವಾಗ ಬಂತೋ ಎಂದ. ದೂರದ ಏಣಿನಲ್ಲಿ ಯಾವ ಕಾಲದ್ದೋ ಕಲ್ಲುಗೋರಿಗಳು ದುಂಡಗೆ ನಿಂತಿದ್ದವು. ಅವುಗಳ ಮೇಲೆ ಕಾಗೆಗಳು ಗಾಳಿಗೆದುರಾಗಿ ರೆಕ್ಕೆ ಬಿಚ್ಚಿ, ಮುಂದೆ ಹೋಗದೆ, ಅಲ್ಲಲ್ಲೇ ತೂಗುತ್ತಿದ್ದವು. ಬಯಲು ಮುಗಿಯುವಲ್ಲಿ ಚಾಕುವಿನಿಂದ ಕೊಯ್ದ ಹಾಗೆ ಬಂಡೆ ಕಡಿದು, ಕೆಳಗೆ ಬರೀ ನೀಲಿ.

ಲೋಲಾಕ್ಷಿ ಗಾಡಿಯಿಂದ ಇಳಿದು ಸುತ್ತ ನೋಡಿ, “ಇದು ಪದವು” ಎಂದಳು. ಅವಳ ತೌರಿನ ಹತ್ತಿರ ಮುಳಿಹುಲ್ಲು ಬೆಳೆಯುವ ಕೆಂಪುಕಲ್ಲಿನ ಬಯಲುಗುಡ್ಡಗಳಿಗೆ ಹಾಗೆನ್ನುತ್ತಾರೆ. ಕೊಗ್ಗನೂ ಸುತ್ತ ನೋಡಿದ. ನೋಡಿ, ಕುರ್ಚಿ ಬಿಡಿಸಿದ.

ಅವರನ್ನು ಎದುರುಗೊಂಡವನು ಖಲ್ಫಾನ್. ಹುಟ್ಟಿದ್ದು ಬೆಳೆದದ್ದು ಆ ಬಯಲಿನಲ್ಲೇ, ಈಗ ವನ್ಯಪ್ರಾಣಿಗಳ ಕಾವಲುಗಾರ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಬ್ರಾದ ಅಂಗಡಿಗಳಲ್ಲಿ ಕಲಿತ ಹಿಂದಿ ಮಾತಾಡುತ್ತಿದ್ದ. ಕೊಗ್ಗ ಏಸಿ ಕಂಪೆನಿಯವನು ಎಂದು ತಿಳಿದ ಕೂಡಲೇ ಅವನ ಮುಖ ಅರಳಿತು. ಅವನ ಮನೆಯ ಫ್ರಿಜ್ಜು ಎರಡು ಬೇಸಿಗೆಯಿಂದ ಗುಂಯ್‌ಗುಡುತ್ತದೆ, ಆದರೆ ತಣ್ಣಗಾಗುವುದಿಲ್ಲ. ತಾನು ರಿಪೇರಿಯವನಲ್ಲ, ಸಾಮಾನು ಎತ್ತಿಕೊಡುವವನು ಎಂದು ಕೊಗ್ಗ ಹೇಳಿದ. ವಿನಯವಂತರು ಹೀಗೆಯೇ ಹೇಳುವುದು ಎಂದು ಖಲ್ಫಾನ್ ತಿಳಿದುಕೊಂಡ. ಆಮೇಲೆ ತಹರ್ ಬಗ್ಗೆ ಏನು ಕೇಳಿದರೂ ಅವನು ಎರಡು ಮಾತಿನಲ್ಲಿ ಉತ್ತರಿಸಿ ಫ್ರಿಜ್ಜಿಗೆ ಮರಳುತ್ತಿದ್ದ.

ಆ ಸಂಜೆ ಅಂಚಿನಲ್ಲಿ ಕಾದದ್ದು ಕೊಗ್ಗನ ಆ ಮೊದಲ ಸೀನಿನಿಂದ ಹಾಳಾಯಿತು. ಮರುದಿನ ಬೆಳಿಗ್ಗೆ ಇನ್ನೂ ಬಿಸಿಲೇರುವ ಮೊದಲು ಲೋಲಾಕ್ಷಿ ಮತ್ತೆ ಅಂಚಿಗೆ ಹೋಗಿ ಮಲಗಿದಳು. ಕಣಿವೆಯಿಂದ ಮಂಜು ಎದ್ದು ಬಯಲಿನ ಮೇಲೆ ತೆವಳಿ ಹೋಗುತ್ತಿತ್ತು. ಪೊದೆಗಳ ತುದಿಯಲ್ಲಿ ಜೇಡರ ಬಲೆಗಳು ಇಬ್ಬನಿಗೆ ಬೆಳ್ಳಗೆ ಕಾಣುತ್ತಿದ್ದವು. ಅವಳು ಕಾದಳು. ಕಪ್ಪು ಬಿಳುಪಿನ ಸಣ್ಣ ಹಕ್ಕಿಯೊಂದು ಬಂದು ಬಾಲ ಕುಣಿಸಿ ಹೋಯಿತು. ಹಳದಿ ಮೂತಿಯ ಬಿಳಿ ರಣಹದ್ದು ಅವಳಿಗಿಂತ ಕೆಳಗೆ, ಕಣಿವೆಯಲ್ಲಿ, ಬೆನ್ನು ತೋರಿಸಿಕೊಂಡು ತೇಲಿತು. ಹದ್ದಿನ ಬೆನ್ನನ್ನು ಅವಳು ನೋಡಿದ್ದು ಅದೇ ಮೊದಲು. ಬಂಡೆಗೋಡೆಯಲ್ಲಿ ಒಂದು ಆಡು ಕಂಡು ಅವಳು ಬೈನಾಕ್ಯುಲರ್ ಎತ್ತಿದಳು. ಅದರ ಕೊರಳಲ್ಲಿ ಖಲ್ಫಾನ್ ಕಟ್ಟಿದ ಕೆಂಪು ಹಗ್ಗವಿತ್ತು.

ಅಷ್ಟರಲ್ಲಿ ಹಿಂದೆ ಕೊಗ್ಗನಿಗೆ ಬೇರೆ ಕಷ್ಟ ಶುರುವಾಗಿತ್ತು. ಹಿಂದಿನ ಸಂಜೆ ಖಲ್ಫಾನ್ ಖರ್ಜೂರದ ಮೇಲೆ ಖರ್ಜೂರ, ಹುಳಿಮಜ್ಜಿಗೆಯ ಮೇಲೆ ಹುಳಿಮಜ್ಜಿಗೆ ಕೊಟ್ಟಿದ್ದ. ಬೇಡ ಎನ್ನಲು ಬೇಕಾದಷ್ಟು ಮಾತು ಕೊಗ್ಗನ ಬಳಿ ಇರಲಿಲ್ಲ. ಅವನು ಯಾರಿಗೂ ಹೇಳದೆ ನೀರಿನ ಬಾಟಲಿ ತೆಗೆದುಕೊಂಡು, ಮರ್ಯಾದೆಯಿಂದ ಬಹಳ ದೂರ, ಬಂಡೆಗಳ ಒಂದು ಗುಂಪಿನಾಚೆ ಮರೆಯಾದ.

ಬಹಳ ಹೊತ್ತು ಬರಲಿಲ್ಲ. ಹೊಟ್ಟೆ ಕೆಟ್ಟಿದೆಯೇನೋ ಎಂದು ಲೋಲಾಕ್ಷಿ ಎರಡು ಸಲ ಹಿಂದೆ ತಿರುಗಿ ನೋಡಿದಳು. ಕೊನೆಗೆ ಆ ದಿಕ್ಕಿನಿಂದ ಒಂದು ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು, ತಡೆದಿಟ್ಟ ನೀರು ಒಡ್ಡು ಒಡೆದು ಬಂದ ಹಾಗೆ. ಬಸವಂತ ತನ್ನ ಪುಸ್ತಕ ಮಡಚಿಟ್ಟು ಇವತ್ತಿನ ಕೆಲಸ ಮುಗಿಯಿತು ಎಂಬಂತೆ ಎದ್ದು ಕೂತ.

ಕೊಗ್ಗ ಬಂದಾಗ ಅವನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಕುರ್ಚಿಯಲ್ಲಿ ಕೂರಲಿಲ್ಲ. ಹೆಂಡತಿಯ ಬೆನ್ನನ್ನು ನೋಡುತ್ತ ನಿಂತ. ಏನೋ ಹೇಳುವವನ ಹಾಗೆ ಒಂದು ಹೆಜ್ಜೆ ಮುಂದೆ ಬಂದು, ಬಸವಂತನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದ:

“ಈ ಪ್ರಾಣಿಗೆ ಬೆನ್ನ ಮೇಲೆ ಕಪ್ಪು ಗೆರೆ ಉಂಟಾ? ಕುತ್ತಿಗೆಯಿಂದ ಬಾಲದವರೆಗೆ?”

ಬಸವಂತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಣ್ಣಾರ,” ಎಂದ, “ನೀವು ನೋಡೀರೇನು?”

“ಸಾಧಾರಣ.”

“ಗಂಡೋ ಹೆಣ್ಣೋ?”

“ಕೇಳಲಿಲ್ಲ.”

ಬಸವಂತ ಅವನನ್ನು ತಬ್ಬಿಕೊಂಡ. ಆಮೇಲೆ ಕ್ಯಾಮೆರಾ, ಅಳತೆ ಟೇಪು, ಕಾಗದದ ಲಕೋಟೆ ಎಲ್ಲ ಬಾಚಿಕೊಂಡು, ಜಾಗ ತೋರಿಸಿ ಎಂದ. ಕೊಗ್ಗ ಅಲ್ಲಾಡಲಿಲ್ಲ. ಅಲ್ಲಿಗೆ ಬೇಡ ಎಂದ. ಬಸವಂತ ಕಾರಣ ಕೇಳಿದ. ಕೊಗ್ಗ ಆಕಾಶ ನೋಡಿದ. ಹೆಜ್ಜೆ ಗುರುತು ಸಿಗುತ್ತದೆ, ಹಿಕ್ಕೆ ಸಿಗುತ್ತದೆ, ಈ ಮಗ್ಗುಲಿಗೆ ತಹರ್ ಬರುತ್ತದೆ ಎಂಬುದಕ್ಕೆ ಸಾಕ್ಷಿ ಅದೇ ಎಂದು ಬಸವಂತ ಅಂಗಲಾಚಿದ. ಅಲ್ಲಿ ಬೇರೆ ಸಾಕ್ಷಿಯೂ ಉಂಟು ಎಂದು ಹೇಳಲಾರದೆ ಕೊಗ್ಗ ಕೊಡೆ ಬಿಡಿಸಿಕೊಂಡ. ಒಂದು ಅಪರೂಪದ ಪ್ರಾಣಿಯ ಕುಲವೇ ಅಳಿದರೂ ಸರಿ, ಆ ಜಾಗಕ್ಕೆ ನಾಲ್ಕು ಜನರನ್ನು ಕರೆದೊಯ್ಯಲಾರೆ ಎಂಬುದು ಅವನ ನಿಲುವಿನಲ್ಲೇ ಕಾಣುತ್ತಿತ್ತು.

ಲೋಲಾಕ್ಷಿ ಆಗ ಎದ್ದಳು. ಬಟ್ಟೆಯ ಧೂಳು ಕೊಡವಿಕೊಂಡಳು. ಗಂಡನ ಮುಖ ನೋಡದೆ ತುಳುವಿನಲ್ಲಿ ಎರಡೇ ಮಾತು ಹೇಳಿದಳು. ಕೊಗ್ಗ ಮುಂದೆ ನಡೆದ.

ಅಲ್ಲಿ, ಅಷ್ಟರಲ್ಲಿ ಬಂದು ಸೇರಿದ್ದ ಖಲ್ಫಾನ್ ಕೋಲೂರಿ ಕುಕ್ಕರಗಾಲಲ್ಲಿ ಕೂತು ನೆಲ ಓದಿದ. ಕೋಲಿನ ತುದಿಯಿಂದ ಒಂದು ಕಡೆ ತೋರಿಸಿ, ಇದು ಅದರದ್ದು, ಈಗಿನದ್ದು ಎಂದ. ಕೋಲು ಇನ್ನೊಂದು ಕಡೆಗೆ ಸರಿಯಿತು. ಅಲ್ಲಿ ಅವನು ಸ್ವಲ್ಪ ತಡೆದು, ಎದ್ದು ನಿಂತು, ಕೊಗ್ಗನ ಹೆಗಲ ಮೇಲೆ ಕೈಯಿಟ್ಟು ಬಹಳ ಗೌರವದಿಂದ ಫ್ರಿಜ್ಜಿನ ಮಾತು ತೆಗೆದ. ಬಸವಂತ ಪೆನ್ನಿನ ಮುಚ್ಚಳ ಪಕ್ಕದಲ್ಲಿಟ್ಟು ಹೆಜ್ಜೆ ಗುರುತಿನದೂ ಹಿಕ್ಕೆಯದೂ ಫೋಟೋ ತೆಗೆದ. ಅಷ್ಟೂ ಹೊತ್ತು ಕೊಗ್ಗ ಎಲ್ಲರಿಗೂ ಬೆನ್ನು ಹಾಕಿ, ಬಿಸಿಲಿಲ್ಲದ ಕಡೆ ಕೊಡೆ ಹಿಡಿದು ನಿಂತಿದ್ದ.

ಹಗಲಿಡೀ ಲೋಲಾಕ್ಷಿ ಅದೇ ಬಂಡೆಗಳ ಹತ್ತಿರ ಕಾದು ಕೂತಳು. ಒಂದು ಕತ್ತೆ ಬಂತು. ಬಂದು, ಅವಳನ್ನು ಮೂಸಿ, ಹೋಯಿತು. ಮನುಷ್ಯರ ವಾಸನೆ ಹೊಡೆದ ಮೇಲೆ ತಹರ್ ಆಚೆ ಮಗ್ಗುಲಿಗೆ ಹೋಗಿರುತ್ತದೆ, ಇನ್ನು ಒಂದು ವಾರ ಈ ಕಡೆ ಸುಳಿಯುವುದಿಲ್ಲ ಎಂದು ಖಲ್ಫಾನ್ ಹೇಳಿದ. ವಾರ ಅವರ ಬಳಿ ಇರಲಿಲ್ಲ. ಮಧ್ಯಾಹ್ನ ಅವಳು ಗಂಜಿ ಮಾಡಿ ಬಡಿಸಿದಳು. ಬಸವಂತನಿಗೆ ಉಪ್ಪಿನಕಾಯಿ ಎರಡು ಸಲ ಹಾಕಿದಳು. ಕೊಗ್ಗನ ಬಟ್ಟಲಿನ ಹತ್ತಿರ ಬಂದಾಗ ಭರಣಿಯ ಮುಚ್ಚಳ ಹಾಕಿದಳು. ಅವನು ಸಪ್ಪೆ ಗಂಜಿ ಉಂಡು ಎದ್ದ.

ತನಗೆ ಕಾಣಲಿಲ್ಲವೆಂಬುದು ಅವಳಿಗೆ ಅಷ್ಟು ದೊಡ್ಡದಾಗಿರಲಿಲ್ಲ. ಕಾಡಿನ ಪ್ರಾಣಿ, ಯಾರ ಹಂಗಿನದೂ ಅಲ್ಲ. ಕಂಡವನು ಬಂದು ತನ್ನ ಬೆನ್ನ ಹಿಂದೆ ನಿಂತು, ತನಗೆ ಹೇಳದೆ, ಪಕ್ಕದವನ ಹತ್ತಿರ ಗೆರೆಯ ಲೆಕ್ಕ ಕೇಳಿದ್ದು ಅವಳಿಗೆ ನುಂಗಲಾಗಲಿಲ್ಲ.

ಸಂಜೆ ಗಾಳಿ ಚಳಿಯಾಯಿತು. ಖಲ್ಫಾನ್ ಆಡುಗಳನ್ನು ಅಟ್ಟಿಕೊಂಡು ಮನೆಗೆ ಹೋದ. ಬಂಡೆಯೊಂದರ ಮರೆಯಲ್ಲಿ ಒಲೆ ಹೂಡಿ ಮೂವರೂ ಸುತ್ತ ಕೂತರು. ಬಸವಂತ ವರದಿಗೆಂದು ಪುಸ್ತಕ ತೆರೆದು, ಅಣ್ಣಾರ, ಕಂಡಷ್ಟು ಹೇಳ್ರಿ ಎಂದ. ಬಂತು, ನಿಂತಿತು, ಹೋಯಿತು ಎಂದು ಕೊಗ್ಗ ಹೇಳಿದ. ಬಸವಂತ ಬರೆದುಕೊಂಡು, ಇನ್ನೂ ಇದೆಯೇನೋ ಎಂದು ಪೆನ್ನು ಎತ್ತಿ ಹಿಡಿದ. ಇರಲಿಲ್ಲ.

“ಎಷ್ಟು ದೊಡ್ಡದು?” ಎಂದಳು ಲೋಲಾಕ್ಷಿ. ಬೆಳಗಿನ ಆ ಎರಡು ಮಾತು ಬಿಟ್ಟರೆ ಗಂಡನೊಡನೆ ಆಡಿದ ಮೊದಲ ಮಾತು ಅದು. ಬಸವಂತನಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದಳು.

“ಸಾಧಾರಣ.”

ಅವಳು ಚಹಾದ ಲೋಟ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ.

“ನನ್ನ ಅಪ್ಪ ತೀರಿಹೋದಾಗ ನನಗೆ ರಜೆ ಸಿಗಲಿಲ್ಲ. ನೀವು ಹೋಗಿ ಬಂದಿರಿ. ಏರ್‌ಪೋರ್ಟಿಗೆ ಬಂದು ನಾನು ಕೇಳಿದೆ. ಎಲ್ಲ ಆಯಿತು ಅಂದಿರಿ. ಅಷ್ಟೇ. ಅಪ್ಪನ ಮುಖ ಹೇಗಿತ್ತು, ಯಾರು ಯಾರು ಬಂದಿದ್ದರು, ಅಮ್ಮ ಎಂತ ಹೇಳಿದರು, ಒಂದೂ ನನಗೆ ಗೊತ್ತಿಲ್ಲ. ಆಮೇಲೆ ನಾನು ಕೇಳಲಿಕ್ಕೂ ಹೋಗಲಿಲ್ಲ. ಇದೊಂದನ್ನಾದರೂ ಸರಿಯಾಗಿ ಹೇಳಿ.”

ಬಸವಂತ ಒಲೆಯ ಬೂದಿ ಕೆದಕತೊಡಗಿದ. ಕೊಗ್ಗ ಬಹಳ ಹೊತ್ತು ತನ್ನ ಅಂಗೈ ನೋಡುತ್ತಿದ್ದ. ಸ್ಟೋರಿನಲ್ಲಿ ಯಾವುದೋ ಸಾಮಾನು ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುವಾಗ ಅವನು ಹಾಗೆ ನೋಡುವುದಿತ್ತು.

“ತೆಂಗಿನ ಸಿಪ್ಪೆ ಉಂಟಲ್ಲ,” ಎಂದ ಕೊನೆಗೆ. “ಒಣಗಿದ್ದು. ಮಳೆ ತಾಗದ್ದು. ಅದರ ನಾರಿನ ಬಣ್ಣ.”

ಲೋಲಾಕ್ಷಿ ಅವನ ಕಡೆ ತಿರುಗಿ ಕೂತಳು.

“ಕೊಂಬು ಹಿಂದೆ ಬಾಗಿತ್ತು. ತಲೆ ಬಾಚಿಕೊಂಡ ಹಾಗೆ. ದೊಡ್ಡ ಆಡಿನಷ್ಟು ದೊಡ್ಡದಲ್ಲ. ಆದರೆ ಗಟ್ಟಿ. ಬಂಡೆಯ ಮೇಲಿನಿಂದ ನನ್ನನ್ನೇ ನೋಡಿತು. ನಮ್ಮ ಮ್ಯಾನೇಜರ್ ನೋಡುವುದಿಲ್ಲವಾ, ಇವನು ಇಲ್ಲಿ ಎಂತ ಮಾಡುವುದು ಅಂತ. ನನಗೆ ಏಳಲಿಕ್ಕೂ ಇಲ್ಲ, ಕೂರಲಿಕ್ಕೂ ಇಲ್ಲ.”

ಬಸವಂತ ನಗು ತಡೆಯಲು ಮುಖ ಪುಸ್ತಕಕ್ಕೆ ಹತ್ತಿರ ಮಾಡಿಕೊಂಡ. ಲೋಲಾಕ್ಷಿ ನಗಲಿಲ್ಲ. ಅದು ಏನು ತಿನ್ನುತ್ತಿತ್ತು ಎಂದು ಕೇಳಿದಳು. ಅದೇ ಘಾಟಿನ ಪೊದೆಯ ಚಿಗುರು ಎಂದ. ಅದು ಜಗಿಯುವಾಗ ಅದರ ವಾಸನೆ ಗಾಳಿಯಲ್ಲಿ ಇವನ ಕಡೆಗೇ ಬರುತ್ತಿತ್ತು.

“ಸೀನು ಬಂತು,” ಎಂದ. “ಹಿಡಿದೆ.”

“ನೀವು ಸೀನು ಹಿಡಿದದ್ದಾ?”

“ಹಿಡಿದೆ. ಮೂಗು ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಕಿವಿ ಮುಚ್ಚಿಹೋಯಿತು. ಆದರೂ ಬಿಡಲಿಲ್ಲ.”

“ಯಾಕೆ?”

ಅವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. “ನಿನ್ನನ್ನು ಕರೆಯುವ ಹಾಗಿಲ್ಲ,” ಎಂದ. “ಕರೆದರೆ ಓಡುತ್ತದೆ. ನಾನು ಬಾರದ್ದು ನೋಡಿ ನೀನೇ ಹುಡುಕಿಕೊಂಡು ಬಂದರೆ, ಅಷ್ಟರವರೆಗೆ ಅದನ್ನು ನಿಲ್ಲಿಸುವ ಅಂತ. ನೀನು ಬರಲಿಲ್ಲ. ಮತ್ತೆ ಅದು ಹೋಯಿತು. ಇಲ್ಲಿ ಬಂದು ನೋಡಿದರೆ ನೀನು ಆಚೆ ಮುಖ ಮಾಡಿ ಮಲಗಿದ್ದೆ. ಎಂತ ಹೇಳುವುದು ನಾನು?”

ಒಲೆಯಲ್ಲಿ ಕಡ್ಡಿಯೊಂದು ಚಟ್ಟೆಂದು ಸಿಡಿಯಿತು. ಲೋಲಾಕ್ಷಿ ಕುಕ್ಕರಿನ ಪಕ್ಕದಿಂದ ಇನ್ನೊಂದು ಲೋಟ ತೆಗೆದು, ಚಹಾ ಸುರಿದು, ಅವನ ಕೈಗೆ ಕೊಟ್ಟಳು. ಅವನು ಕುಡಿದ. ಕುಡಿದು, ಮುಂದುವರಿಸಿದ.

ಅದು ಹೇಗೆ ಒಂದೊಂದೇ ಗೊರಸನ್ನು ಎತ್ತಿ, ಇಡುವ ಮೊದಲು ಕಲ್ಲನ್ನು ಮುಟ್ಟಿ ನೋಡಿ ಇಡುತ್ತಿತ್ತು, ಕಿವಿಯ ಒಳಗೆ ಎಂಥ ಬಿಳಿ ಕೂದಲಿತ್ತು, ಗಾಳಿ ಬಂದಾಗ ಬೆನ್ನಿನ ಗೆರೆ ಹೇಗೆ ಎರಡಾಗಿ ಸೀಳಿ ಮತ್ತೆ ಕೂಡಿತು, ಎಂದೆಲ್ಲ ಹೇಳಿದ. ಬಸವಂತ ಬರೆಯುತ್ತ ಹೋದ. ಒಂದು ಸಾಲು ತಪ್ಪಿತೆಂದು ತಲೆಯೆತ್ತಿದರೆ ಕೊಗ್ಗನ ಕನ್ನಡ ಯಾವಾಗಲೋ ಜಾರಿ ತುಳುವಾಗಿತ್ತು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಏನಂದರು ಎಂದು ಕೇಳಲು ಹೊರಟವನು ಅವರಿಬ್ಬರನ್ನು ನೋಡಿ, ಪೆನ್ನಿಗೆ ಮುಚ್ಚಳ ಹಾಕಿ, ಕಂಬಳಿ ಹೊದ್ದು ಕೂತ.

ಆ ರಾತ್ರಿಯ ತುಳುವಿನಲ್ಲಿ ಕೊಗ್ಗ ಮನೆಯಲ್ಲಿ ಎಂದೂ ಕಾಣದ ಬೇರೆಯೇ ಮನುಷ್ಯನಾಗಿದ್ದ. ಮಾತಿನ ಮೇಲೆ ಮಾತು ಬರುತ್ತಿತ್ತು. ಲೋಲಾಕ್ಷಿ ಮಧ್ಯೆ ಒಂದು ಕೇಳಿದರೆ ಅವನು ಮೂರು ಹೇಳುತ್ತಿದ್ದ. ಅವಳು ಮೊಣಕಾಲಿಗೆ ಗಲ್ಲವಿಟ್ಟು ಕೇಳುತ್ತಿದ್ದಳು. ಬಸವಂತನಿಗೆ ಇನ್ನೂ ಹೇಳಿರದ ಒಂದು ಸಂಗತಿಗೆ ಅವನು ಈಗ ಬಂದಿದ್ದ. ದೊಡ್ಡದು ಹೋದ ಮೇಲೆ, ಇನ್ನು ಸೀನಬಹುದು ಎಂದು ಮೂಗು ಬಿಡುವಷ್ಟರಲ್ಲಿ, ಬಂಡೆಯ ಅಡಿಯಿಂದ ಮರಿಯೊಂದು ಹೊರಗೆ ಬಂದಿತ್ತು. ಹುಟ್ಟಿ ಹೆಚ್ಚು ದಿನವಾಗದ್ದು. ಕಾಲು ಮಾತ್ರ ಉದ್ದ. ತಾಯಿ ಹತ್ತಿದ ಬಂಡೆಯನ್ನು ತಾನೂ ಹತ್ತಲು ನೋಡಿ, ಜಾರಿ, ಮತ್ತೆ ನೋಡಿ, ಮತ್ತೆ ಜಾರಿತು. ಮೇಲಿನಿಂದ ತಾಯಿ ಸಣ್ಣಗೆ ಒಂದು ಸದ್ದು ಮಾಡಿತು. ಮೂರನೆಯ ಸಲ ಮರಿ ಹತ್ತಿತು.

ಹೇಗೆ ಹತ್ತಿತು ಎಂದು ಮಾತಿನಲ್ಲಿ ಹೇಳಲು ಅವನಿಗಾಗಲಿಲ್ಲ. ಲೋಟ ಕೆಳಗಿಟ್ಟು ಎದ್ದ. ಮಂಕಿಕ್ಯಾಪು, ಒಳಹೊರಗಾದ ಅರಸಿನ ಟೀಶರ್ಟು, ಮೇಲೊಂದು ಸ್ವೆಟರು. ಆ ವೇಷದಲ್ಲೇ ಬೆಂಕಿಯ ಬೆಳಕಿಗೆ ಬಂದು ಎರಡೂ ಕೈ ನೆಲಕ್ಕೂರಿ, ಪಕ್ಕದ ಮೋಟುಕಲ್ಲಿನ ಮೇಲೆ ಮೊದಲು ಒಂದು ಅಂಗೈ, ಆಮೇಲೆ ಇನ್ನೊಂದು ಇಟ್ಟು, ಮೊಣಕಾಲು ಎಳೆದುಕೊಂಡು, ಹೀಗೆ ಎಂದು ತೋರಿಸಿದ.

“ಹತ್ತುವ ಮೊದಲು ಎಲ್ಲಿ ನಿಂತಿತ್ತು?” ಎಂದು ಲೋಲಾಕ್ಷಿ ಕೇಳಿದಳು.

ಕಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿದ್ದ ಕೊಗ್ಗ ಗಲ್ಲದಿಂದಲೇ ತೋರಿಸಿದ. ಅಲ್ಲಿ, ಅವಳು ಕೂತಲ್ಲೇ, ಅವಳ ಎಡಗಡೆ.

ಲೋಲಾಕ್ಷಿ ಶಾಲಿನ ಅಂಚನ್ನು ಹತ್ತಿರ ಎಳೆದುಕೊಂಡು, ಮರಿ ನಿಂತ ಜಾಗ ಬಿಟ್ಟು, ಸ್ವಲ್ಪ ಬಲಕ್ಕೆ ಸರಿದು ಕೂತಳು.